ಬೋಲ್ಟ್ ಹಿಡಿಯದ ಗೋಡೆ, ಬಗ್ಗದ ಕಾಲು: ಬಾಡಿಗೆ ಮನೆಯಲ್ಲೊಂದು ಬ್ಯಾಲೆ ಕೋಣೆ

ಬ್ಯಾಲೆ ಅಂದರೆ ಎಲ್ಲರ ಕಣ್ಣಿಗೆ ಮೊದಲು ಬರುವುದು ಕೈಯಿಟ್ಟು ನಿಲ್ಲಲು ಗೋಡೆಗೆ ಹೊಡೆದ ಕಂಬಿ, ಎದುರಿಗೊಂದು ದೊಡ್ಡ ಕನ್ನಡಿ. ಮನೆಯಲ್ಲೇ ಅಭ್ಯಾಸ ಮಾಡುತ್ತೇನೆಂದು ಹೊರಟವರು ಹಣ ಸುರಿಯುವುದೂ ಅವೆರಡಕ್ಕೇ. ನನ್ನನ್ನು ಕೇಳಿದರೆ ಮೊದಲು ನೆಲ ಮಾಡಿಸಿ, ಆಮೇಲೆ ಕಂಬಿ, ಕನ್ನಡಿ ಬಂದರೆ ಬರಲಿ. ಇನ್ನೊಂದು ಮಾತು: ಕಂಬಿ ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಲವತ್ತು ದಾಟಿ ಕಲಿಯಲು ಹೊರಟವರಿಗಂತೂ ಗಟ್ಟಿ ಕಂಬಿ ಒಳ್ಳೆಯದು ಮಾಡುವುದಕ್ಕಿಂತ ಕೆಡಿಸುವುದೇ ಹೆಚ್ಚು.

ನನ್ನ ಪಾಠ ನಡೆಯುವುದು ಬೆಂಗಳೂರಿನ ಟೀಚರ್ ಒಬ್ಬರ ಜೊತೆ, ವೀಡಿಯೋ ಕಾಲ್‌ನಲ್ಲಿ. ಕೆಲಸ ಕುರ್ಚಿಯದು, ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಆರು. ಚಿಕ್ಕಂದಿನಲ್ಲಿ ಯಾವ ನೃತ್ಯವನ್ನೂ ಕಲಿತವಳಲ್ಲ. ಬಗ್ಗಿ ಕಾಲ್ಬೆರಳು ಮುಟ್ಟಿ ಅಂದರೆ ಕೈ ಮೊಣಕಾಲು ದಾಟಿ ಒಂದು ಗೇಣು ಇಳಿದು ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ರಿಪೇರಿ ಎರಡು ಕಡೆ ಒಟ್ಟೊಟ್ಟಿಗೆ ನಡೆಯಿತು, ಕೋಣೆಗೂ ಕಾಲಿಗೂ.

ಗೋಡೆ

ಮನೆ ಮೈಸೂರಿನ ಲಕ್ಷ್ಮೀಪುರದಲ್ಲಿ, ಹಳೇ ಕಾಲದ್ದು. ಗೋಡೆ ಒಂದೂವರೆ ಅಡಿ ದಪ್ಪ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ, ಮೇಲೆ ಸುಣ್ಣದ ಗಿಲಾವು. ನಡುಮನೆಗೆ ಅಂಟಿಕೊಂಡಿರುವ ಹತ್ತಡಿ ಒಂಬತ್ತಡಿಯ ಕೋಣೆಯನ್ನು ಇದಕ್ಕೆಂದು ಖಾಲಿ ಮಾಡಿಸಿದೆ. ಗೋಡೆಗೆ ಎರಡು ಬ್ರ್ಯಾಕೆಟ್ ಹೊಡೆದು ಕಂಬಿ ಕೂರಿಸೋಣ ಎಂದು ಆಚಾರ್ರನ್ನು ಕರೆಸಿದೆ. ಅವರು ನಂಜನಗೂಡಿನ ಕಡೆಯವರು, ಕೆಲಸಕ್ಕೆ ಮುಂಚೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವ ಅಭ್ಯಾಸ.

ಕ್ಯಾಲೆಂಡರ್ ಮರೆಯಲ್ಲಿ ಒಂದು ತೂತು ಕೊರೆದು ನೋಡಿದರು. ಗಿಲಾವು ಇರುವಷ್ಟು ದೂರ ಡ್ರಿಲ್ಲು ಸದ್ದು ಮಾಡಿತು. ಆಮೇಲೆ ಸದ್ದೇ ಇಲ್ಲ, ಬಿಟ್ ತಾನಾಗಿ ಒಳಕ್ಕೆ ಹೋಯಿತು, ಕೆಂಪು ಪುಡಿ ಸಣ್ಣಗೆ ಧಾರೆ ಕಟ್ಟಿ ಸುರಿಯಿತು. ಹತ್ತು ಎಂಎಂ ಆಂಕರ್ ಬೋಲ್ಟ್ ಹಾಕಿ ಸ್ಪ್ಯಾನರ್ ತಿರುಗಿಸಿದರೆ ನಟ್ಟಿನ ಜೊತೆ ಬೋಲ್ಟೂ ಸುತ್ತಿತು.

"ಅಕ್ಕ, ಈ ಗ್ವಾಡೆ ಬೋಲ್ಟ್ ತಡೆಯಾಕಿಲ್ಲ. ಫೋಟೋ ತಗಲಾಕ್ಬೋದು, ಮನುಸ್ರನ್ನ ತಗಲಾಕಾಕ್ ಆಯ್ತದಾ?"

ಆಂಕರ್ ಬೋಲ್ಟಿನ ಕೆಲಸವೇ ಅಂಥದ್ದು. ನಟ್ಟು ಬಿಗಿದಂತೆ ಅದರ ತೋಳು ಅಗಲವಾಗಿ ತೂತಿನ ಸುತ್ತ ಒತ್ತಿಕೊಳ್ಳಬೇಕು, ಸುತ್ತಲಿನ ಗೋಡೆ ಅಷ್ಟೇ ಬಲದಲ್ಲಿ ಅದನ್ನು ತಿರುಗಿ ಒತ್ತಬೇಕು. ಕಾಂಕ್ರೀಟು ಒತ್ತುತ್ತದೆ, ಮಣ್ಣಿನ ಗಾರೆ ಪುಡಿಯಾಗುತ್ತದೆ. ಅದರ ಮೇಲೆ, ಕಂಬಿ ಗೋಡೆಗೆ ಅಂಟಿಕೊಂಡಿದ್ದರೆ ನಡೆಯುವುದಿಲ್ಲ. ಮೊಣಕೈಗೆ ಜಾಗ ಬೇಕಾದ್ದರಿಂದ ಎಂಟು ಹತ್ತು ಇಂಚು ಮುಂದಕ್ಕೆ ಇರಬೇಕು. ಹಾಗೆ ಚಾಚಿಕೊಂಡ ಬ್ರ್ಯಾಕೆಟ್ಟಿನ ತುದಿಯನ್ನು ಕೆಳಕ್ಕೆ ಜಗ್ಗಿದರೆ ಮೇಲಿನ ಬೋಲ್ಟನ್ನು ಸನ್ನೆ ಹಾಕಿ ಕೀಳುವ ಲೆಕ್ಕವೇ. ಜಾಲರಿ ತೋಳು ಹಾಕಿ ಕೆಮಿಕಲ್ ತುಂಬಿ ಕೂರಿಸುವ ಬೋಲ್ಟ್ ಇಂಥ ಗೋಡೆಗೆ ಆಗುತ್ತದೆ. ಆದರೆ ಓನರ್ ಅಂಕಲ್ ಒಂದೇ ಮಾತು ಹೇಳಿದರು: "ಗೋಡೆ ಒಂದು ಮುಟ್ಟಬೇಡಮ್ಮ, ನಮ್ಮ ತಂದೆ ಕಟ್ಟಿಸಿದ್ದು. ಬೇರೆ ಏನು ಬೇಕಾದರೂ ಮಾಡಿಕೋ."

ಗೋಡೆಯ ಕಥೆ ಅಲ್ಲಿಗೆ ಮುಗಿಯಿತು. ಅದೇ ದಪ್ಪ ಗೋಡೆಯಿಂದ ಒಂದು ಉಪಕಾರ ಆಯಿತು, ಮುಂದೆ ಹೇಳುತ್ತೇನೆ.

ನೆಲ

ಕೋಣೆಯದ್ದು ರೆಡ್ ಆಕ್ಸೈಡ್ ನೆಲ. ಎಷ್ಟೋ ವರ್ಷ ಒರೆಸಿ ಒರೆಸಿ ಮುಖ ಕಾಣುವಷ್ಟು ಹೊಳಪು. ನೋಡಲು ಚೆಂದ, ಕ್ಯಾನ್ವಾಸ್ ಚಪ್ಪಲಿಯಂಥ ಬ್ಯಾಲೆ ಸ್ಲಿಪ್ಪರ್ ಹಾಕಿಕೊಂಡು ನಿಂತರೆ ಜಾರುತ್ತದೆ. ಜಾರುವುದಕ್ಕಿಂತ ದೊಡ್ಡ ತೊಂದರೆ ಅದರ ಗಡಸುತನ. ನಾನು ಮಾಡುವುದು ಪುಟ್ಟ ಪುಟ್ಟ ಸೋತೆ, ಅಂದರೆ ನಿಂತಲ್ಲೇ ಎರಡೂ ಕಾಲಲ್ಲಿ ಹಾರಿ ಎರಡೂ ಕಾಲಲ್ಲಿ ಇಳಿಯುವುದು, ಅಷ್ಟೇ. ಅದಕ್ಕೇ ಮಂಡಿಯ ಕೆಳಗೆ ಕಾಲಿನ ಮುಂದಿನ ಎಲುಬು ನೋಯತೊಡಗಿತ್ತು. ಗಾರೆ ನೆಲ ಒಂದಿಷ್ಟೂ ಬಗ್ಗುವುದಿಲ್ಲ, ಹಾಗಾಗಿ ಇಳಿದ ಪೆಟ್ಟನ್ನೆಲ್ಲ ಕಾಲೇ ನುಂಗಬೇಕು. ನೃತ್ಯ ಶಾಲೆಗಳಲ್ಲಿ ಹಲಗೆಯ ಕೆಳಗೆ ಪಟ್ಟಿ, ಪಟ್ಟಿಯ ಕೆಳಗೆ ರಬ್ಬರ್ ಇಟ್ಟು ಸ್ವಲ್ಪ ಬಗ್ಗುವ ನೆಲ ಮಾಡಿಸುವುದು ಇದಕ್ಕಾಗಿಯೇ.

ಮನೆಗೆ ಅದರದೇ ಸರಳ ರೂಪ ಸಾಕು. ಅಡಿಯಲ್ಲಿ ಫೋಮ್ ತುಂಡುಗಳು, ಮೇಲೆ ಎರಡು ಪದರ ಪ್ಲೈವುಡ್, ಅದರ ಮೇಲೆ ವಿನೈಲ್ ಹಾಸು. ಅಳತೆ ಎಂಟಡಿಗೆ ಆರಡಿ. ಒಂದು ಪದರಕ್ಕೆ ನಲವತ್ತೆಂಟು ಚದರಡಿ, ಎರಡು ಪದರಕ್ಕೆ ತೊಂಬತ್ತಾರು. ಎಂಟು ನಾಲ್ಕರ ಶೀಟು ಒಂದಕ್ಕೆ ಮೂವತ್ತೆರಡು ಚದರಡಿ ಆದ್ದರಿಂದ ಲೆಕ್ಕಕ್ಕೆ ಸರಿಯಾಗಿ ಮೂರು ಶೀಟು. ಬಂಬೂ ಬಜಾರಿನಿಂದ 12 ಎಂಎಂ ದಪ್ಪದ ಮೂರು ಶೀಟು ಲಗೇಜ್ ಆಟೋದಲ್ಲಿ ಬಂದವು.

ಇಲ್ಲಿ ಆಚಾರ್ರ ಕೈಚಳಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮಾಡಿಸುವವರಿಗೆ ಉಪಯೋಗಕ್ಕೆ ಬರುತ್ತದೆ. ಮೇಲಿನ ಪದರಕ್ಕೆ ಎರಡು ಶೀಟುಗಳನ್ನು ಆರಡಿಗೆ ಕತ್ತರಿಸಿ ಅಡ್ಡಡ್ಡ ಹಾಕಿದರೆ ಎಂಟಡಿ ಆರಡಿ ತುಂಬುತ್ತದೆ, ಸೇರುವ ಗೆರೆ ಸರಿಯಾಗಿ ಮಧ್ಯದಲ್ಲಿ, ನಾಲ್ಕನೇ ಅಡಿಗೆ ಬರುತ್ತದೆ. ಕತ್ತರಿಸಿ ಉಳಿದದ್ದು ನಾಲ್ಕಡಿ ಎರಡಡಿಯ ಎರಡು ತುಂಡು. ಕೆಳಗಿನ ಪದರದಲ್ಲಿ ಮೂರನೇ ಶೀಟು ಇಡಿಯಾಗಿ ಉದ್ದುದ್ದ ಮಲಗುತ್ತದೆ, ಪಕ್ಕದಲ್ಲಿ ಎರಡಡಿ ಅಗಲದ ಜಾಗ ಉಳಿಯುತ್ತದೆ. ಉಳಿದ ಎರಡು ತುಂಡನ್ನು ಅಲ್ಲಿ ಸಾಲಾಗಿ ಇಟ್ಟರೆ ಜಾಗವೇನೋ ಭರ್ತಿ, ಆದರೆ ಅವೆರಡರ ಸೇರಿಕೆಯೂ ನಾಲ್ಕನೇ ಅಡಿಗೇ ಬಂದು ಮೇಲಿನ ಗೆರೆಯ ಕೆಳಗೆ ಕೂರುತ್ತದೆ. ಗೆರೆಯ ಮೇಲೆ ಗೆರೆ ಬಿದ್ದ ಕಡೆ ನೆಲ ಮಡಚಿಕೊಳ್ಳುತ್ತದೆ. ಆಚಾರ್ರು ಒಂದು ತುಂಡನ್ನು ಮಧ್ಯಕ್ಕೆ ಸೀಳಿ ಎರಡಡಿ, ನಾಲ್ಕಡಿ, ಎರಡಡಿ ಹೀಗೆ ಜೋಡಿಸಿದರು. ಸೇರಿಕೆಗಳು ಎರಡನೇ ಅಡಿಗೂ ಆರನೇ ಅಡಿಗೂ ಸರಿದವು. ಮೂರು ಶೀಟಿನಲ್ಲಿ ಗರಗಸದ ಪುಡಿ ಬಿಟ್ಟರೆ ಏನೂ ಉಳಿಯಲಿಲ್ಲ.

ಫೋಮ್ ಸಿಕ್ಕಿದ್ದು ಚಪ್ಪಲಿ ಅಟ್ಟೆಯ ಸಾಮಾನು ಮಾರುವ ಅಂಗಡಿಯಲ್ಲಿ. 25 ಎಂಎಂ ದಪ್ಪದ ಈವಿಎ ಶೀಟು, ಅದನ್ನು ಮೂರಿಂಚು ಚೌಕಗಳಾಗಿ ಕತ್ತರಿಸಿದ್ದು. ಹೆಬ್ಬೆರಳಲ್ಲಿ ಒತ್ತಿದರೆ ಬಿಸಿ ಮುದ್ದೆಯ ಹಾಗೆ ಗುಳಿ ಬಿದ್ದು ಹಾಗೇ ಉಳಿಯುವಂಥದ್ದು ಬೇಡ. ಒತ್ತಿದರೆ ಸ್ವಲ್ಪವೇ ತಗ್ಗಿ ಕೈ ತೆಗೆದ ಕೂಡಲೇ ಮೇಲೆ ಬರಬೇಕು. ತೀರಾ ಮೆತ್ತಗಿದ್ದರೆ ಒಂದು ಕಾಲಲ್ಲಿ ನಿಂತಾಗ ನೆಲವೇ ಓಲಾಡುತ್ತದೆ, ಪಾದದ ಗಿಣ್ಣು ಹೊರಳುತ್ತದೆ. ಅಡಿಗೊಂದರಂತೆ ಚೌಕ ಹಾಕಿದರೆ ಉದ್ದಕ್ಕೆ ಒಂಬತ್ತು, ಅಗಲಕ್ಕೆ ಏಳು, ಒಟ್ಟು ಅರವತ್ತಮೂರು. ಅಂಚಿನ ಚೌಕಗಳು ಹಲಗೆಯ ಅಂಚಿಗೆ ಸರಿಸಮ ಇರಬೇಕು, ಒಳಗೆ ಸರಿದರೆ ಅಂಚು ಮೆಟ್ಟಿದಾಗ ಹಲಗೆ ಎದ್ದುಬಿಡುತ್ತದೆ. ಅಂಟಿಗೆ ರಬ್ಬರ್ ಗಮ್. ಎರಡೂ ಕಡೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿಸಿ ಆಮೇಲೆ ಒತ್ತಬೇಕು.

ಎರಡು ಪದರವನ್ನು ಒಂದಕ್ಕೊಂದು ಹಿಡಿಸಲು ಮುಕ್ಕಾಲಿಂಚಿನ ಸ್ಕ್ರೂ. ಒಟ್ಟು ದಪ್ಪ 24 ಎಂಎಂ, ಸ್ಕ್ರೂ 19 ಎಂಎಂ, ಕೆಳಗೆ ತೂರಿ ರೆಡ್ ಆಕ್ಸೈಡ್ ಗೀರುವ ಭಯವಿಲ್ಲ. ಫೆವಿಕಾಲ್ ಬೇಡವೆಂದು ನಾನೇ ಹೇಳಿದೆ. ನಾಳೆ ಮನೆ ಬದಲಿಸಿದರೆ ಬಿಚ್ಚಿಕೊಂಡು ಹೋಗಬೇಕಲ್ಲ. ಪದರಗಳ ನಡುವೆ ಬ್ರೌನ್ ಪೇಪರ್ ಹಾಸಿದ್ದರಿಂದ ಕಿರುಗುಡುವುದು ಬಹುಪಾಲು ನಿಂತಿತು. ಉಳಿದ ಒಂದು ಮೂಲೆಗೆ ಇನ್ನೂ ನಾಲ್ಕು ಸ್ಕ್ರೂ ಬಿತ್ತು. ಗೋಡೆಗೆ ತಾಗದಂತೆ ಸುತ್ತ ಜಾಗ ಬಿಟ್ಟಿದ್ದೇವೆ, ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ. ಮೇಲಿನ ವಿನೈಲ್ ಆರಿಸುವಾಗ ಹೊಳಪಿನದನ್ನೆಲ್ಲ ಪಕ್ಕಕ್ಕಿಟ್ಟು ಮ್ಯಾಟ್ ಇರುವುದನ್ನೇ ತೆಗೆದುಕೊಂಡೆ. ಅಂಟಿಸಿಲ್ಲ, ಅಂಚಿಗೆ ಟೇಪ್ ಅಷ್ಟೇ.

ಹೊಸ ನೆಲದ ಮೇಲೆ ಹಾರಿದಾಗ ಮೊದಲು ಗೊತ್ತಾದದ್ದು ಸದ್ದಿನ ವ್ಯತ್ಯಾಸ. ಮೊದಲು ಟಪ್ ಅನ್ನುತ್ತಿದ್ದದ್ದು ಈಗ ದಪ್ ಅನ್ನುತ್ತದೆ. ಎಲುಬಿನ ನೋವು ಕಡಿಮೆಯಾಗಲು ಸಮಯ ಹಿಡಿಯಿತು, ಅದು ನೆಲದಿಂದಲೇ ಹೋಯಿತು ಎನ್ನಲಾರೆ. ಆ ದಿನಗಳಲ್ಲಿ ಹಾರುವುದನ್ನೂ ಕಡಿಮೆ ಮಾಡಿದ್ದೆ.

ಕಂಬಿ

ದೊಡ್ಡವರಿಗೆ ಸಾಮಾನ್ಯವಾಗಿ ನಲವತ್ತೆರಡು ಇಂಚು ಎತ್ತರ, ಮಕ್ಕಳಿಗೆ ಮೂವತ್ತೆರಡು. ನನ್ನ ಎತ್ತರ ಐದಡಿ ಎರಡಿಂಚು. ಪಕ್ಕದಲ್ಲಿ ನಿಂತು ಕೈ ಇಟ್ಟಾಗ ಭುಜ ಮೇಲೇಳದೆ, ಮೊಣಕೈ ಸ್ವಲ್ಪ ಮಡಚಿ, ಕೈ ದೇಹಕ್ಕಿಂತ ಒಂಚೂರು ಮುಂದಿರಬೇಕು. ನನಗೆ ಅದು ಮೂವತ್ತೊಂಬತ್ತು ಇಂಚಿಗೆ ಬಂತು. ಈ ಅಳತೆಯನ್ನು ಹೊಸ ನೆಲದ ಮೇಲೆ ನಿಂತು ತೆಗೆಯಬೇಕು, ಫೋಮ್ ಮತ್ತು ಹಲಗೆ ಸೇರಿ ಎರಡಿಂಚು ಎತ್ತರಿಸಿರುತ್ತವೆ.

ಕಂಬಿಗೆ ಒಂದೂವರೆ ಇಂಚು ದಪ್ಪದ ತೇಗದ ಗುಂಡು ಕೋಲು, ಐದಡಿ. ಉಪ್ಪುಕಾಗದ 80, 120, 220 ಹೀಗೆ ಒಂದಾದ ಮೇಲೊಂದು ಉಜ್ಜಿ, ವಾರ್ನಿಷ್ ಬದಲು ಅಗಸೆ ಎಣ್ಣೆ ಹಚ್ಚಿದೆ. ಬೆವರಿದ ಅಂಗೈ ವಾರ್ನಿಷ್‌ಗೆ ಅಂಟುತ್ತದೆ, ಎಣ್ಣೆ ಕುಡಿದ ಮರಕ್ಕೆ ಅಂಟುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು, ಬಿಡಿಸಿ ಹಗ್ಗದ ಮೇಲೆ ಹಾಕಿ.

ಸ್ಟ್ಯಾಂಡಿಗೆ ನಾನು ಜಿಐ ಪೈಪ್ ಅಂದೆ. ವೆಲ್ಡಿಂಗ್ ಶಾಪಿನವರು ಬೇಡ ಅಂದರು. "ಜಿಐ ಮೇಲೆ ಸತು ಇರ್ತದೆ ಮೇಡಂ, ವೆಲ್ಡ್ ಹೊಡೆದ್ರೆ ಅದರ ಹೊಗೆ ನಮ್ಮ ಎದೆಗೆ. ಮಾಮೂಲಿ ಕಬ್ಬಿಣದ ಪೈಪ್ ತಗೊಳ್ಳಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಪೇಂಟ್ ಮಾಡ್ಸಿ." ಹಾಗೇ ಆಯಿತು. ಒಂದಿಂಚಿನ ಪೈಪು, ಎರಡು ಕಂಬ, ಕಂಬಕ್ಕೊಂದು ಎರಡಡಿ ಉದ್ದದ ಅಡ್ಡಪಾದ, ಕೆಳಗೆ ಎರಡನ್ನೂ ಕೂಡಿಸುವ ಒಂದು ಪಟ್ಟಿ, ತುದಿಗಳಿಗೆ ರಬ್ಬರ್ ಬುಷ್. ಮರದ ಕೋಲು ಮೇಲೆ ಕ್ಲಾಂಪಿನಲ್ಲಿ ಕೂರುತ್ತದೆ. ಒಟ್ಟು ತೂಕ ಹದಿನಾಲ್ಕು ಕೆಜಿ.

ಹದಿನಾಲ್ಕು ಕೆಜಿಯ ಸ್ಟ್ಯಾಂಡು ಎಷ್ಟು ಎಳೆದರೆ ವಾಲುತ್ತದೆ? ಅಡ್ಡಪಾದ ಇಪ್ಪತ್ನಾಲ್ಕು ಇಂಚು, ಅರ್ಧ ಅಂದರೆ ಹನ್ನೆರಡು. ಕೈ ಇರುವುದು ಮೂವತ್ತೊಂಬತ್ತು ಇಂಚಿನ ಮೇಲೆ. ಹನ್ನೆರಡನ್ನು ಮೂವತ್ತೊಂಬತ್ತರಿಂದ ಭಾಗಿಸಿ ತೂಕದಿಂದ ಗುಣಿಸಿದರೆ ನಾಲ್ಕು ಕೆಜಿ ಚಿಲ್ಲರೆ. ಅಷ್ಟು ಬಲದಲ್ಲಿ ಪಕ್ಕಕ್ಕೆ ಎಳೆದರೆ ಸ್ಟ್ಯಾಂಡು ನನ್ನ ಕಡೆ ಬರುತ್ತದೆ. ವೆಲ್ಡಿಂಗಿನವರು ಅಡಿಗೆ ದಪ್ಪ ಪ್ಲೇಟು ಹಾಕಿಕೊಡುತ್ತೇನೆ ಅಂದರು. ಆಚಾರ್ರು ಮರಳಿನ ಮೂಟೆ ಹೇರಿ ಅಂದರು. ಎರಡೂ ಬೇಡವೆಂದೆ.

ಟೀಚರ್ ಪಾಠದಲ್ಲಿ ಎಷ್ಟು ಸಾರಿ ಹೇಳಿದರೂ ಮುಗಿಯದ ಮಾತು ಇದು: ಕಂಬಿಯ ಮೇಲೆ ಬೆರಳು ಇರಲಿ, ಹಿಡಿತ ಬೇಡ. ಕಂಬಿ ಇರುವುದು ಸಮತೋಲ ತಪ್ಪಿದಾಗ ಸುಳಿವು ಕೊಡಲಿಕ್ಕೆ. ಗೋಡೆಗೆ ಹೊಡೆದ ಕಂಬಿಯಾದರೆ ನೇತುಬಿದ್ದರೂ ಅದು ಸುಮ್ಮನಿರುತ್ತದೆ. ನಿಂತ ಕಾಲಿನ ಪೃಷ್ಠದ ಸ್ನಾಯು ಮಾಡಬೇಕಾದ ಕೆಲಸವನ್ನು ಕೈ ಕದ್ದು ಮಾಡುತ್ತದೆ, ನೋಡುವವರಿಗೂ ಗೊತ್ತಾಗುವುದಿಲ್ಲ. ಆಮೇಲೆ ಕಂಬಿ ಬಿಟ್ಟು ಕೋಣೆಯ ಮಧ್ಯಕ್ಕೆ ಬಂದರೆ ಒಂದು ಕಾಲಲ್ಲಿ ನಿಲ್ಲಲಾಗುವುದಿಲ್ಲ. ನನ್ನ ಸ್ಟ್ಯಾಂಡು ಸುಮ್ಮನಿರುವುದಿಲ್ಲ. ಕಾಲು ಎತ್ತುವಾಗ ಕೈ ಬಿಗಿಯಿತೋ, ಆಚೆಯ ರಬ್ಬರ್ ಬುಷ್ ನೆಲ ಬಿಡುತ್ತದೆ, ಆ ಸಣ್ಣ ಸದ್ದು ಕೇಳುತ್ತದೆ. ವೀಡಿಯೋದಲ್ಲಿ ಟೀಚರಿಗೆ ಕಾಣದ್ದು ನನಗೆ ಕೇಳುತ್ತದೆ.

ಒಂದು ಎಚ್ಚರಿಕೆ: ಇಂಥ ಸ್ಟ್ಯಾಂಡಿನ ಮೇಲೆ ಕಾಲು ಇಟ್ಟು ಬಗ್ಗಬಾರದು, ಅದು ಗೋಡೆಯ ಕಂಬಿಗೆ ಮಾತ್ರ. ನನಗೆ ಅದಕ್ಕೆ ಕಿಟಕಿ ಕಟ್ಟೆ ಇದೆ. ಒಂದೂವರೆ ಅಡಿ ಗೋಡೆಯ ಕಿಟಕಿ ಕಟ್ಟೆ ಒಂದು ಪುಟ್ಟ ಜಗಲಿಯೇ ಸರಿ. ಎತ್ತರ ಇಪ್ಪತ್ತೆಂಟು ಇಂಚು, ಹಿಮ್ಮಡಿ ಇಡಲು ಹೇಳಿ ಮಾಡಿಸಿದಂತಿದೆ. ಬೋಲ್ಟ್ ಹಿಡಿಯದ ಗೋಡೆ ಮಾಡಿದ ಉಪಕಾರ ಅಂದದ್ದು ಇದೇ.

ಎದುರು ಮನೆಯಿಂದ

ಈ ಗಲಾಟೆಗೆಲ್ಲ ಎದುರು ಮನೆಯ ನಿವೃತ್ತ ಟೀಚರಮ್ಮ ಬಂದು ನೋಡಿದರು. ಅವರು ಭರತನಾಟ್ಯ ಕಲಿತವರು. "ಅಲ್ಲ ಕಣಮ್ಮ, ವೆಂಕಟಲಕ್ಷಮ್ಮನವರು ಇದ್ದ ಊರಲ್ಲಿ ಕೂತ್ಕೊಂಡು ಎಲ್ಲಿಂದಲೋ ಬಂದ ಕುಣಿತ ಕಲೀತಿದೀಯಲ್ಲ!" ಅವರ ಮಾತಿಗೆ ತೂಕವಿದೆ. ಮೈಸೂರು ಅರಮನೆಯ ಕಲಾವಿದೆ ಜಟ್ಟಿ ತಾಯಮ್ಮ (1857–1947), ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002), ಇವರಿಂದ ಬಂದ ಅಭಿನಯದ ಪರಂಪರೆ ಇಲ್ಲಿಯದೇ. ನಾನು ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀ ದೇವಿಯವರ ಉದಾಹರಣೆ ಕೊಟ್ಟೆ. ಭರತನಾಟ್ಯಕ್ಕೆ ಬರುವ ಮುಂಚೆ ಅವರು ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ತಂಡದ ಕ್ಲಿಯೋ ನಾರ್ಡಿ ಬಳಿ ಬ್ಯಾಲೆ ಕಲಿತಿದ್ದರು, ನಿಮ್ಮ ನೆಲದ ನೃತ್ಯವನ್ನು ನೋಡಿ ಎಂದು ಹೇಳಿದ್ದೂ ಪಾವ್ಲೋವಾ. "ನೋಡು, ಅವಳೇ ಹೇಳಿದಾಳೆ, ನೀನು ಮಾತ್ರ ಕೇಳಲ್ಲ" ಅಂದು ಟೀಚರಮ್ಮ ನನ್ನ ಉದಾಹರಣೆಯನ್ನು ನನಗೇ ತಿರುಗಿಸಿದರು.

ಆಮೇಲೆ ನನ್ನ ಪ್ಲಿಯೆ ನೋಡಿ ಎದ್ದು ಬಂದರು. ಹಿಮ್ಮಡಿ ಕೂಡಿಸಿ, ಪಾದ ಹೊರಕ್ಕೆ ತಿರುಗಿಸಿ, ಮಂಡಿ ಬಾಗಿಸಿ ಇಳಿಯುವುದು ಅವರಿಗೆ ಅರೆಮಂಡಿಯೇ. ಅವರು ಅರ್ಧಕ್ಕೆ ಕೂತು ಅಲ್ಲೇ ಉಳಿದು ಹೆಜ್ಜೆ ಹಾಕುತ್ತಾರೆ, ನಾನು ಇಳಿದು ಎಲ್ಲೂ ನಿಲ್ಲದೆ ಮೇಲೇಳಬೇಕು. ಆದರೆ ಮಂಡಿಯ ನಿಯಮ ಎರಡಕ್ಕೂ ಒಂದೇ. ನನ್ನ ಎಡಮಂಡಿಯನ್ನು ಎರಡು ಬೆರಳಲ್ಲಿ ಹೊರಕ್ಕೆ ತಳ್ಳಿದರು. "ಪಾದ ಬೀದಿ ಕಡೆ ನೋಡ್ತಿದೆ, ಮಂಡಿ ಅಡುಗೆ ಮನೆ ಕಡೆ ನೋಡ್ತಿದೆ. ಯಾವುದಾದರೂ ಒಂದು ಕಡೆ ಹೋಗು." ಮುಂದಿನ ಸಾಮಾನು ಹುಟ್ಟಿದ್ದು ಈ ಮಾತಿನಿಂದ.

ತಿರುಗು ತಟ್ಟೆ

ಬ್ಯಾಲೆಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿ. ಎಷ್ಟು ತಿರುಗುತ್ತದೆ ಅನ್ನುವುದು ತೊಡೆಮೂಳೆಯ ಕುತ್ತಿಗೆ ಯಾವ ಕೋನದಲ್ಲಿದೆ, ಅದು ಕೂರುವ ಬಟ್ಟಲು ಎತ್ತ ಮುಖ ಮಾಡಿದೆ, ಮುಂದಿನ ಅಸ್ಥಿರಜ್ಜು ಎಷ್ಟು ಬಿಗಿ ಎಂಬುದರ ಮೇಲಿದೆ. ಬೆಳೆದವರಲ್ಲಿ ಎಲುಬಿನ ಆಕಾರ ಬದಲಾಗುವುದಿಲ್ಲ. ಆದರೆ ನೆಲಕ್ಕೆ ಪಾದ ಕಚ್ಚಿಕೊಂಡಿದ್ದರೆ, ಆ ಹಿಡಿತದಲ್ಲೇ ಪಾದವನ್ನು ಇನ್ನಷ್ಟು ತಿರುಚಿ ನಿಲ್ಲಬಹುದು. ಸೊಂಟ ಕೊಡದ ತಿರುವನ್ನು ಮಂಡಿ ಮತ್ತು ಪಾದದ ಗಿಣ್ಣು ಕೊಡುತ್ತವೆ. ಮಂಡಿ ಅಂಥ ತಿರುಚಿಗಾಗಿ ಮಾಡಿದ ಕೀಲಲ್ಲ. ಅಂದರೆ ನನ್ನ ಒಳ್ಳೆಯ ವಿನೈಲ್ ನೆಲವೇ ಮೋಸಕ್ಕೆ ದಾರಿ ಮಾಡಿಕೊಟ್ಟಿತ್ತು.

ಮದ್ದು ಸುಲಭ, ಪಾದದ ಕೆಳಗಿನ ಹಿಡಿತ ತೆಗೆದುಬಿಡುವುದು. ಆಚಾರ್ರ ಅಂಗಡಿಯ ಚೂರು ಪ್ಲೈವುಡ್ಡಿನಿಂದ ಹತ್ತಿಂಚು ಅಗಲದ ನಾಲ್ಕು ವೃತ್ತ ಕೊಯ್ಸಿದೆ. ಊಟದ ಮೇಜಿನ ಮೇಲೆ ಸಾರು ಪಲ್ಯ ಇಟ್ಟು ತಿರುಗಿಸುವ ತಟ್ಟೆ ಇರುತ್ತದಲ್ಲ, ಅದರ ಕೆಳಗೆ ಹಾಕುವ ಗುಂಡು ಬೇರಿಂಗ್ ಎರಡು ತಂದು, ಎರಡೆರಡು ವೃತ್ತದ ನಡುವೆ ಕೂರಿಸಿದ್ದಾಯಿತು. ಕೆಳಗಿನ ವೃತ್ತಕ್ಕೆ ರಬ್ಬರ್, ಮೇಲಿನದಕ್ಕೆ ಉಪ್ಪುಕಾಗದ. ಬೇರಿಂಗ್ ಕೊಳ್ಳುವಾಗ ಅದು ಎಷ್ಟು ಕೆಜಿ ತಡೆಯುತ್ತದೆಂದು ಕೇಳಿ, ಸಾರಿನ ಪಾತ್ರೆಗೂ ಮನುಷ್ಯರಿಗೂ ವ್ಯತ್ಯಾಸವಿದೆ.

ಕಂಬಿಯ ಪಕ್ಕ ಎರಡು ತಟ್ಟೆಯ ಮೇಲೆ ನಿಂತು ಹೊರಕ್ಕೆ ತಿರುಗಿದರೆ, ಸ್ನಾಯು ಹಿಡಿದಿಡುವಷ್ಟೇ ನಿಲ್ಲುತ್ತದೆ. ಒಂದು ಕ್ಷಣ ಸಡಿಲ ಬಿಟ್ಟರೆ ಪಾದ ತಾನಾಗಿ ಒಳಕ್ಕೆ ಬರುತ್ತದೆ. ನೆಲದ ಮೇಲೆ ಎರಡು ಪಾದದ ನಡುವೆ ನೂರಹತ್ತು ಡಿಗ್ರಿ ತೋರಿಸುತ್ತಿದ್ದವಳು ತಟ್ಟೆಯ ಮೇಲೆ ಎಂಬತ್ತಕ್ಕೆ ಬಂದೆ. ಆ ಎಂಬತ್ತನ್ನೇ ವಿನೈಲ್ ಮೇಲೆ ಬಣ್ಣದ ಟೇಪಿನಲ್ಲಿ ಗುರುತು ಮಾಡಿ, ಪಾದ ಅದನ್ನು ದಾಟಬಾರದೆಂದು ಟೀಚರ್ ಜೊತೆ ಒಪ್ಪಂದವಾಯಿತು. ನೋಡಲು ಅಷ್ಟು ಚೆಂದವಿಲ್ಲ, ಆದರೆ ಪ್ಲಿಯೆ ಮಾಡುವಾಗ ಮಂಡಿಯ ಒಳಬದಿಯ ಚುಳುಕು ನಿಂತಿದೆ.

ಕಾಲು

ಮೈಸೂರಿನಲ್ಲಿ ಮೈ ಬಗ್ಗುವುದಿಲ್ಲ ಅಂದರೆ ಸಲಹೆಗೆ ಬರವಿಲ್ಲ. 1933ರಲ್ಲಿ ಕೃ‌ಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದ ಊರು, ಪಟ್ಟಾಭಿ ಜೋಯಿಸರು ಇದೇ ಲಕ್ಷ್ಮೀಪುರದಲ್ಲಿ ಕಲಿಸುತ್ತಿದ್ದರು. ಹಾಲಿನ ಬೂತಿನಲ್ಲಿ ಸಿಕ್ಕವರೂ ಪಶ್ಚಿಮೋತ್ತಾನಾಸನ ಮಾಡಿ ಅನ್ನುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬಿ.ಕೆ.ಎಸ್. ಅಯ್ಯಂಗಾರರ ದಾರಿ. ಅವರೂ ಮೈಸೂರಿನಲ್ಲೇ ಯೋಗ ಕಲಿತವರು, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಹಗ್ಗಗಳನ್ನು ಅಭ್ಯಾಸಕ್ಕೆ ತಂದವರು. ದೇಹ ತಲುಪದ ಕಡೆಗೆ ಸಾಮಾನು ತಲುಪಲಿ ಅನ್ನುವುದು ನನ್ನಂಥವರಿಗೆ ಹೇಳಿ ಮಾಡಿಸಿದ್ದು.

ಮೊದಲು ಅಳತೆ. ಅಂಗಾತ ಮಲಗಿ, ಪಾದಕ್ಕೆ ಬೆಲ್ಟ್ ಹಾಕಿ, ಮಂಡಿ ಬಗ್ಗಿಸದೆ ಕಾಲನ್ನು ಎಳೆದುಕೊಂಡೆ. ಫೋನಿನ ರಸಮಟ್ಟವನ್ನು ತೊಡೆಗೆ ಹಿಡಿದು ನೋಡಿದರೆ ಎಂಬತ್ತು ಡಿಗ್ರಿ. ಬೆಲ್ಟ್ ಬಿಟ್ಟು ಕಾಲಿನ ಸ್ವಂತ ಬಲದಿಂದ ಎತ್ತಿದರೆ ಐವತ್ತೈದು. ಈ ಇಪ್ಪತ್ತೈದು ಡಿಗ್ರಿಯ ಅಂತರ ಕಂಡ ಮೇಲೆ ನಾನು ನನ್ನನ್ನು ಬಿಗಿ ಎಂದು ಕರೆದುಕೊಳ್ಳುವುದನ್ನು ನಿಲ್ಲಿಸಿದೆ. ಎಂಬತ್ತರವರೆಗೆ ತೊಡೆಯ ಹಿಂದಿನ ಸ್ನಾಯು ಬಿಡುತ್ತದೆ, ಅಲ್ಲಿಗೆ ಕಾಲನ್ನು ಒಯ್ಯುವ ಬಲ ಇಲ್ಲ. ಬ್ಯಾಲೆಯಲ್ಲಿ ಕಾಲನ್ನು ಎತ್ತಿ ಹಿಡಿಯಲು ಬೆಲ್ಟ್ ಕೊಡುವುದಿಲ್ಲವಲ್ಲ.

ಆದ್ದರಿಂದ ಕಿಟಕಿ ಕಟ್ಟೆಯ ಮೇಲಿನ ಕೆಲಸ ಹೀಗೆ. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆದು ಬಂದು, ಮೈ ಬಿಸಿ ಇರುವಾಗ ಹಿಮ್ಮಡಿಯನ್ನು ಕಟ್ಟೆಯ ಮೇಲಿಟ್ಟು, ಬೆನ್ನು ಗೂನು ಮಾಡದೆ ಸೊಂಟದಿಂದ ಮುಂದಕ್ಕೆ ಬಾಗುವುದು. ಎಳೆತ ಬಂದ ಕಡೆ ನಿಂತು ಹಿಮ್ಮಡಿಯಿಂದ ಕಟ್ಟೆಯನ್ನು ಐದಾರು ಸೆಕೆಂಡು ಕೆಳಕ್ಕೆ ಒತ್ತುವುದು, ಸಡಿಲಿಸಿ ಉಸಿರು ಬಿಟ್ಟು ಇನ್ನೊಂಚೂರು ಬಾಗುವುದು, ಅಲ್ಲಿ ಮೂವತ್ತು ಸೆಕೆಂಡು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದರ ನಂತರದ್ದು: ನೆಟ್ಟಗೆ ನಿಂತು, ಹಿಮ್ಮಡಿಯನ್ನು ಕಟ್ಟೆಯಿಂದ ಒಂದಿಂಚು ಮೇಲೆತ್ತಿ ಹಿಡಿಯುವುದು. ಮೊದಮೊದಲು ಹಾಳೆ ತೂರಿಸುವಷ್ಟೂ ಏಳುತ್ತಿರಲಿಲ್ಲ, ತೊಡೆಯ ಮುಂಭಾಗ ಸೆಳೆತ ಹಿಡಿಯುತ್ತಿತ್ತು. ಕೆಲವು ತಿಂಗಳಾದ ಮೇಲೆ ಅಳೆದರೆ ಬೆಲ್ಟಿನಲ್ಲಿ ಎಂಬತ್ತೆಂಟು, ಸ್ವಂತ ಬಲದಲ್ಲಿ ಎಪ್ಪತ್ತೈದು. ಬೆಲ್ಟಿನ ಲೆಕ್ಕ ಎಂಟು ಏರಿತು, ಬಲದ ಲೆಕ್ಕ ಇಪ್ಪತ್ತು. ನನಗೆ ಬೇಕಾದದ್ದು ಎರಡನೆಯದು.

ಮೊದಲ ವಾರಗಳಲ್ಲಿ ಸಿಗುವ ಸಡಿಲಿಕೆಯಿಂದ ಸ್ನಾಯು ಉದ್ದವಾಯಿತೆಂದು ಹಿಗ್ಗಬೇಕಿಲ್ಲ. ಬಹುಪಾಲು ಅದು ಎಳೆತವನ್ನು ಸಹಿಸಲು ನರಮಂಡಲ ಕಲಿತದ್ದು. ಅಳತೆಯನ್ನು ಯಾವಾಗಲೂ ಒಂದೇ ಹೊತ್ತಿನಲ್ಲಿ ತೆಗೆಯಬೇಕು, ಧನುರ್ಮಾಸದ ಬೆಳಗಿನ ಕಾಲು ಅದೇ ದಿನ ಸಂಜೆಯ ಕಾಲಲ್ಲ. ನಿಮಿಷಗಟ್ಟಲೆ ಹಿಡಿಯುವ ಎಳೆತ ಪಾಠದ ನಂತರಕ್ಕಿರಲಿ, ಪಾಠಕ್ಕೆ ಮುಂಚೆ ಅಷ್ಟು ಹೊತ್ತು ಎಳೆದರೆ ಹಾರುವ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ಕೂತಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರವೇ ನೋವು ಬಂದರೆ ಇನ್ನಷ್ಟು ಬಾಗಬೇಡಿ. ಅಲ್ಲಿ ನೋಯುವುದು ಸ್ನಾಯು ಮೂಳೆಗೆ ಅಂಟಿರುವ ಸ್ನಾಯುರಜ್ಜು, ಎಳೆದಷ್ಟೂ ಅದು ಕೆರಳುತ್ತದೆ. ಎಳೆತ ತೊಡೆಯ ಹಿಂಬದಿಯ ಮಧ್ಯದಲ್ಲಿರಬೇಕು.

ಪ್ಲಿಯೆಯ ಆಳದ್ದು ಬೇರೆಯೇ ಲೆಕ್ಕ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ತಾಗಿಸಿ, ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಅಂತ ಅಳೆದೆ. ಎಡಗಾಲು ಎಂಟು ಸೆಂಟಿಮೀಟರ್, ಬಲಗಾಲು ಆರು. ಬಲಗಾಲಿನ ಪ್ಲಿಯೆ ಬೇಗ ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಇದಕ್ಕೇ. ಮೀನಖಂಡದಲ್ಲಿ ಎರಡು ಸ್ನಾಯು, ಮೇಲಿನದು ಮಂಡಿ ದಾಟಿ ತೊಡೆಮೂಳೆಗೆ ಹೋಗುತ್ತದೆ, ಒಳಗಿನದು ಮಂಡಿಯ ಕೆಳಗೇ ಮುಗಿಯುತ್ತದೆ. ಪ್ಲಿಯೆಯಲ್ಲಿ ಮಂಡಿ ಬಗ್ಗಿರುವುದರಿಂದ ಮೇಲಿನದು ಸಡಿಲವಾಗಿರುತ್ತದೆ, ತಡೆಯುವುದು ಒಳಗಿನದು. ಹಾಗಾಗಿ ಕಾಲು ನೆಟ್ಟಗೆ ಇಟ್ಟು ಗೋಡೆ ತಳ್ಳುವ ಎಲ್ಲರಿಗೂ ಗೊತ್ತಿರುವ ವ್ಯಾಯಾಮದಿಂದ ಪ್ಲಿಯೆ ಆಳವಾಗುವುದಿಲ್ಲ. ಮಂಡಿ ಬಗ್ಗಿಸಿಯೇ ಎಳೆಯಬೇಕು. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ನಿಂತು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವುದು. ಬಲಗಾಲು ಈಗ ಒಂಬತ್ತಕ್ಕೆ ಬಂದಿದೆ.

ಸದ್ಯದ ಸ್ಥಿತಿ

ಮಳೆಗಾಲ ಒಂದು ದಾಟಿತು. ವಿನೈಲ್ ಎತ್ತಿ ನೋಡಿದಾಗ ಕಿಟಕಿ ಬದಿಯ ಒಂದು ಅಂಚು ಸ್ವಲ್ಪ ಉಬ್ಬಿತ್ತು, ಬಿಟ್ಟ ಜಾಗ ಸಾಕಾಗಿದೆ. ನಾಲ್ಕಾರು ಸ್ಕ್ರೂ ಸಡಿಲವಾಗಿದ್ದವು, ಬಿಗಿ ಮಾಡಿದೆ. ಈವಿಎ ಚೌಕಗಳು ಎಲ್ಲೂ ಕಿತ್ತು ಬಂದಿಲ್ಲ. ಕನ್ನಡಿ ಇನ್ನೂ ಕೊಂಡಿಲ್ಲ. ಫೋನನ್ನು ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ ಆಮೇಲೆ ನೋಡುವುದೇ ನನಗೆ ಸರಿಹೋಗಿದೆ, ಕನ್ನಡಿ ನೋಡಲು ಕತ್ತು ತಿರುಗಿಸಿದರೆ ಇದ್ದ ನಿಲುವೂ ಹೋಗುತ್ತದೆ. ಬೆರಳ ತುದಿಯಲ್ಲಿ ನಿಲ್ಲುವ ಪಾಯಿಂಟ್ ಶೂ ಬಗ್ಗೆ ನೆಂಟರೆಲ್ಲ ಕೇಳುತ್ತಾರೆ. ಟೀಚರ್ ಅದರ ಮಾತೆತ್ತಿಲ್ಲ, ನಾನೂ ಕೇಳಿಲ್ಲ.

ಬಾಕಿ ಇರುವುದು ಅಂಚಿನ ಕೆಲಸ. ನೆಲದ ನಾಲ್ಕೂ ಬದಿ ಎರಡಿಂಚು ಮೆಟ್ಟಿಲಿನಂತೆ ನಿಂತಿದೆ, ನಮ್ಮತ್ತೆ ಕಾಫಿ ಲೋಟ ಹಿಡಿದು ಬರುವಾಗ ಎರಡು ಸಾರಿ ಎಡವಿದ್ದಾರೆ. ಇಳಿಜಾರಾಗಿ ಹೆರೆದ ರೀಪರ್ ಪಟ್ಟಿ ಹೊಡೆಯಬೇಕು, ಅದನ್ನು ಸ್ಕ್ರೂನಲ್ಲೇ ಹಿಡಿಸಬೇಕು. ಆಚಾರ್ರಿಗೆ ಹೇಳಿದ್ದೇನೆ, ದಸರಾ ಕಳೆಯಲಿ ಅಕ್ಕ ಅಂದಿದ್ದಾರೆ.